ಟೇಪು ಓಡ್ಲಿ ಬಿಡು

"ಬಿ… ಳಿ…"

"ಬಿಳಿಯ!" ಎಂದಳು ಯಮುನಾ. "ಬಿಳಿಯ ಅಂದ್ರೆ ನಮ್ಮನೇಲಿದ್ದ ಎತ್ತು ಮೇಡಮ್. ಸಂಕ್ರಾಂತಿ ದಿನ ಕಿಚ್ಚು ಹಾಯಿಸ್ತಾರಲ್ಲ, ಬೀದೀಲಿ ಹುಲ್ಲಿಗೆ ಬೆಂಕಿ ಹಾಕಿ ಹಸು ಎತ್ತು ಎಲ್ಲಾ ಹಾರಿಸ್ತಾರಲ್ಲ, ಅವತ್ತು ಅದು ಬೆದರ್ಕೊಂಡ್ಬಿಡ್ತು. ಹಗ್ಗ ಕಿತ್ಕೊಂಡು ಓಡಿ ಬಂದು ಜಗುಲಿ ಹತ್ರ ಚಿಕ್ಕಪ್ಪನ್ನ ತುಳಿದ್ಬಿಡ್ತು. ಕಾಲು ಮುರೀತು. ಆವಾಗ ಚಿಕ್ಕಪ್ಪ ನನ್ನಷ್ಟೇ ಇದ್ದ. ಅವತ್ತಿಂದ ಅವನಿಗೆ ಎತ್ತು ಅಂದ್ರೆ ಭಯ, ಬೀದಿ ಅಂದ್ರೂ ಭಯ. ಅದಕ್ಕೇ ಯಾವಾಗ್ಲೂ ಒಳಗೇ ಇರ್ತಾನೆ. ಅಲ್ವಾ ಚಿಕ್ಕಪ್ಪ?"

ಚಿಕ್ಕಪ್ಪ ಬಾಯಿ ತೆರೆದ. ಅಷ್ಟರಲ್ಲಿ ಏರ್‌ಪೋರ್ಟಿಗೆ ಇಳಿಯುವ ವಿಮಾನವೊಂದು ದೊಮ್ಮಲೂರಿನ ಹಳೇ ಹೆಂಚುಗಳನ್ನೆಲ್ಲ ನಡುಗಿಸುತ್ತ ಹೋಯಿತು. ವಿಮಲಾಕ್ಷಿ ಮೇಡಮ್ ಟೇಪ್ ರೆಕಾರ್ಡರಿನ ಗುಂಡಿ ಒತ್ತಿ ನಿಲ್ಲಿಸಿದರು. ಸದ್ದು ಅಡಗುವ ಹೊತ್ತಿಗೆ ಚಿಕ್ಕಪ್ಪನ ಬಾಯಿ ಮುಚ್ಚಿತ್ತು.

"ಅಷ್ಟೇ ಮೇಡಮ್, ಕತೆ ಮುಗೀತು" ಎಂದಳು ಯಮುನಾ.

ಬಾಗಿಲ ಬಳಿ ಕೂತು ಕಡಲೆಕಾಯಿ ಸುಲಿಯುತ್ತಿದ್ದ ಅಕ್ಕಯಮ್ಮಜ್ಜಿಗೆ ಮೊಮ್ಮಗಳ ಮೇಲೆ ಹೆಮ್ಮೆಯೋ ಹೆಮ್ಮೆ. "ನೋಡಿದ್ರಾ ಮೇಡಮ್ನೋರೆ? ಅದು ಅರ್ಧ ಅನ್ನೋಷ್ಟರಲ್ಲಿ ಇವಳು ಪೂರ್ತಿ ಹೇಳ್ತಾಳೆ. ಇವಳಿಗೆ ಮಾತು ಬರೋಕೆ ಮುಂಚೆ ಅದು ಏನಂದ್ರೂ ನಮಗ್ ಯಾರಿಗೂ ತಿಳೀತಿರ್ಲಿಲ್ಲ. ನೀರು, ಅನ್ನ, ಬಚ್ಚಲು… ಅಷ್ಟೇ."

'ಅದು' ಎಂದರೆ ಅಜ್ಜಿಯ ಕಿರಿಮಗ ಮುನಿರಾಜ್. ವಯಸ್ಸು ಮೂವತ್ತಾಗಿತ್ತು. ಹುಟ್ಟಿದಾಗಿನಿಂದಲೂ ಅವನ ಕೈಕಾಲು ಸೆಟೆದುಕೊಂಡಿದ್ದವು. ನಾಲಿಗೆ ಹೇಳಿದ ಹಾಗೆ ಹೊರಳುತ್ತಿರಲಿಲ್ಲ. ಒಂದು ಮಾತು ಹೊರಗೆ ಬರಬೇಕಾದರೆ ಕುತ್ತಿಗೆಯ ನರವೆಲ್ಲ ಉಬ್ಬಿ, ಮುಖ ಕೆಂಪಾಗಿ, ಆಮೇಲೆ ಬರಬೇಕು. ಅಷ್ಟು ಹೊತ್ತು ಕಾಯುವವರು ಯಾರು? ಎಲ್ಲರಿಗೂ ಕೆಲಸ ಇರುತ್ತಿತ್ತು.

ವಿಮಲಾಕ್ಷಿ ಮೇಡಮ್ ಕೊಪ್ಪಳದ ಕಡೆಯವರು. ಇಂದಿರಾನಗರದ ಒಂದು ಪುಟ್ಟ ಆಫೀಸಿನಲ್ಲಿ ಅವರಿಗೆ ಕೆಲಸ. ಅವರ ಒಂದು ಕಾಲಿಗೆ, ನಡೆಯಲು ಆಸರೆಯಾಗಿ, ಪಟ್ಟಿ ಬಿಗಿದ ಕಬ್ಬಿಣದ ಕ್ಯಾಲಿಪರ್ ಇತ್ತು. ಟಕ್, ಟಕ್ ಎಂದು ನಡೆಯುತ್ತ, ಹೆಗಲಿಗೆ ಟೇಪ್ ರೆಕಾರ್ಡರ್ ತೂಗುಹಾಕಿಕೊಂಡು, ಕೈಕಾಲು ಆಡದವರು, ಕಣ್ಣು ಕಾಣದವರು ಇರುವ ಮನೆಗಳಿಗೆ ಹೋಗುತ್ತಿದ್ದರು. ಅವರವರ ಕತೆಯನ್ನು ಅವರವರ ಬಾಯಲ್ಲೇ ಕ್ಯಾಸೆಟ್ಟಿಗೆ ತುಂಬಿಸಿಕೊಳ್ಳುತ್ತಿದ್ದರು. ಹಬ್ಬ ಕಳೆದ ಮೇಲೆ ಹಲಸೂರಿನಲ್ಲಿ ಒಂದು ಸಭೆ. ಅಲ್ಲಿ ಎಲ್ಲರ ಕತೆಯನ್ನೂ ಎಲ್ಲರಿಗೂ ಕೇಳಿಸುತ್ತಾರಂತೆ.

"ಮುನಿರಾಜ್ ಅವರೇ, ಒಮ್ಮೆ ಕೇಳೂಣೇನ್ರಿ?" ಎಂದರು ಮೇಡಮ್.

ಚಿಕ್ಕಪ್ಪನನ್ನು ಯಾರಾದರೂ 'ಅವರೇ' ಎಂದಿದ್ದು ಯಮುನಾ ಕೇಳಿರಲೇ ಇಲ್ಲ.

ಮೇಡಮ್ ಟೇಪನ್ನು ಹಿಂದಕ್ಕೆ ಓಡಿಸಿ ಹಾಕಿದರು. 'ಬಿ… ಳಿ…' ಎಂದಿತು ಟೇಪು. ಆಮೇಲೆ ಬರೀ ಯಮುನಾಳ ದನಿ. ನಿಲ್ದಾಣವೇ ಇಲ್ಲದ ರೈಲಿನ ಹಾಗೆ ಅದು ಓಡುತ್ತಲೇ ಇತ್ತು. ಚಿಕ್ಕಪ್ಪ ಕೇಳಿಸಿಕೊಂಡ. ಮೆಲ್ಲಗೆ ಕತ್ತು ತಿರುಗಿಸಿ ಗೋಡೆಯ ಕಡೆ ನೋಡತೊಡಗಿದ.

"ಹಿಂಗೇ ಇರ್ಲೇನ್ರಿ? ಇಲ್ಲಾ ಇನ್ನೊಮ್ಮೆ ನೀವು ಹೇಳ್ತೀರೇನು?"

ಚಿಕ್ಕಪ್ಪ ತಿರುಗಲಿಲ್ಲ.

"ಮುಂದಿನ ಶನಿವಾರ ಬರ್ತೀನ್ರಿ. ಅದೇ ಕಡೀದು ಮತ್ತ. ಆಮ್ಯಾಲ ಕ್ಯಾಸೆಟ್ ಕೊಟ್ಟುಬಿಡಬೇಕು" ಎಂದು ಮೇಡಮ್ ಎದ್ದರು.

ಅವರನ್ನು ಬಸ್ ಸ್ಟಾಪಿನ ತನಕ ಬಿಡಲು ಯಮುನಾ ಜೊತೆಗೆ ಹೋದಳು. "ನಾನು ಚೆನ್ನಾಗಿ ಹೇಳಿದ್ನಾ ಮೇಡಮ್?"

"ಭಾಳ ಚಲೋ ಹೇಳ್ದಿ." ಮೇಡಮ್ ಬಗ್ಗಿ ಕ್ಯಾಲಿಪರಿನ ಪಟ್ಟಿ ಬಿಗಿಮಾಡಿಕೊಂಡರು. "ನಾ ಸಣ್ಣಾಕಿದ್ದಾಗ ನಮ್ಮ ಮಾವನೂ ಹಿಂಗೇ ಹೇಳ್ತಿದ್ದ. ಮನಿಗೆ ಯಾರು ಬಂದ್ರೂ ನನ್ನ ಕಾಲಿನ ಕತಿ ಅವನೇ ಹೇಳಾಂವ. ನನಗಿಂತ ಅವನಿಗೇ ಚಲೋ ಬರ್ತಿತ್ತು ನೋಡು!"

ಮೇಡಮ್ ನಕ್ಕರು. ಯಮುನಾಳೂ ನಕ್ಕಳು. ಬಸ್ಸು ಹೋದ ಮೇಲೆ, ನಗಬಾರದಿತ್ತೇನೋ ಅನ್ನಿಸಿತು.

ಆ ಶನಿವಾರದಿಂದ ಚಿಕ್ಕಪ್ಪ ಯಮುನಾಳ ಜೊತೆ ಮಾತು ಬಿಟ್ಟ.

ದಿನಾ ಸ್ಕೂಲಿನಿಂದ ಬಂದವಳೇ ಅವಳು ಚಿಕ್ಕಪ್ಪನ ಕಿಟಕಿಯ ಬಳಿ ಕೂರುತ್ತಿದ್ದಳು. ಆ ಕಿಟಕಿಯಿಂದ ಬೀದಿಯ ಒಂದು ಚೂರು ಕಾಣುತ್ತಿತ್ತು. ಮೊದಲು ರಾಗಿ ಹೊಲದ ತನಕ ಕಾಣುತ್ತಿತ್ತಂತೆ. ಈಗ ಎದುರಿಗೆ ಮೂರು ಅಂತಸ್ತಿನ ಬಾಡಿಗೆ ಮನೆಗಳು ಎದ್ದಿದ್ದವು. ಆ ಒಂದು ಚೂರು ಬೀದಿಯಲ್ಲಿ ಇವತ್ತು ಯಾರು ಹೋದರು, ಯಾವ ನಾಯಿ ಯಾರನ್ನು ಅಟ್ಟಿಸಿಕೊಂಡು ಹೋಯಿತು, ಎಲ್ಲವನ್ನೂ ಚಿಕ್ಕಪ್ಪ ಹೇಳುತ್ತಿದ್ದ. 'ನಾ…' ಎಂದರೆ ಸಾಕು, ಯಮುನಾ 'ನಾಯಿನಾ? ಕರಿ ನಾಯಿ ತಾನೆ?' ಎನ್ನುತ್ತಿದ್ದಳು. ಮಿಕ್ಕಿದ್ದನ್ನೆಲ್ಲ ಅವಳೇ ಹೇಳಿ ಮುಗಿಸುತ್ತಿದ್ದಳು.

ಈಗ ಅವನು ಸುಮ್ಮನೆ ಬೀದಿ ನೋಡುತ್ತಿದ್ದ.

"ನೀರು ಬೇಕಾ ಚಿಕ್ಕಪ್ಪ?"

ಇಲ್ಲ.

"ಬೆನ್ನು ತುರಿಸ್ಲಾ? ದಿಂಬು ಹಾಕ್ಲಾ? ಟೂ ಬಿಟ್ಟಿದೀಯಾ ನನ್ ಮೇಲೆ?"

ಅವನು ಕಣ್ಣು ಮುಚ್ಚಿಕೊಂಡ.

ಯಮುನಾಗೆ ಅಳು ಬಂದಂತಾಯಿತು. ಇಡೀ ದಿನದಲ್ಲಿ ಅವಳಿಗೆ ಮಾತಾಡಲು ಇದ್ದದ್ದು ಚಿಕ್ಕಪ್ಪ ಒಬ್ಬನೇ. ಸ್ಕೂಲಿನಲ್ಲಿ ಫಹ್ಮಿದಾ ಇದ್ದಳು. ಒಂದನೇ ಕ್ಲಾಸಿನಿಂದ ಇಬ್ಬರದೂ ಒಂದೇ ಬೆಂಚು. ಆದರೆ ಅವಳ ಅಪ್ಪ ಅಂಗಡಿಯನ್ನೂ ಮನೆಯನ್ನೂ ಶಿವಾಜಿನಗರಕ್ಕೆ ಬದಲಾಯಿಸಿದರು. ದಸರಾ ರಜೆ ಮುಗಿಸಿ ಬಂದಾಗ ಬೆಂಚಿನ ಮೇಲೆ ಫಹ್ಮಿದಾ ಇರಲಿಲ್ಲ. ಉಳಿದ ಹುಡುಗಿಯರು ಅಷ್ಟು ಹೊತ್ತಿಗಾಗಲೇ ತಮ್ಮ ತಮ್ಮ ಗುಂಪು ಮಾಡಿಕೊಂಡಿದ್ದರು. ಮಧ್ಯಾಹ್ನ ಬೆಲ್ ಹೊಡೆದಾಗ ಯಮುನಾ ತನ್ನ ಡಬ್ಬಿ ತೆಗೆದುಕೊಂಡು ನೀರಿನ ಟ್ಯಾಂಕಿನ ಹಿಂದಿನ ಮೆಟ್ಟಿಲಿಗೆ ಹೋಗುತ್ತಿದ್ದಳು. ಅಲ್ಲಿ ಯಾರೂ ಬರುತ್ತಿರಲಿಲ್ಲ.

ಇದನ್ನು ಅವಳು ಮನೆಯಲ್ಲಿ ಹೇಳಿರಲಿಲ್ಲ. ಹೇಳಲು ಜಾಗ ಸಿಕ್ಕಿರಲಿಲ್ಲ ಅಂದರೂ ಸರಿಯೇ. ಸಂಜೆ ಅಮ್ಮ ಡಬ್ಬಿ ತೊಳೆಯುತ್ತ ಅಡುಗೆಮನೆಯಿಂದಲೇ ಕೇಳುವಳು:

"ಇವತ್ತು ಯಾರ್ ಜೊತೆ ಊಟ ಮಾಡ್ದೆ? ಫಹ್ಮಿದಾ ಜೊತೆನೇ ತಾನೆ?" ಯಮುನಾ ಬಾಯಿ ತೆರೆಯುವಷ್ಟರಲ್ಲಿ ಅಮ್ಮನೇ, "ಅವಳಿಗೂ ಒಂಚೂರು ಚಿತ್ರಾನ್ನ ಕೊಟ್ಟಾ? ಒಳ್ಳೇದಾಯ್ತು ಬಿಡು" ಎಂದು ನಲ್ಲಿ ತಿರುಗಿಸುವಳು.

"ಹೂಂ" ಎನ್ನುವಳು ಯಮುನಾ.

ಗುರುವಾರ ಸಂಜೆ ಮನೆಯವರೆಲ್ಲ ಚಿಕ್ಕಪ್ಪನ ಕೋಣೆಯಲ್ಲೇ ಎಳ್ಳು ಬೆಲ್ಲಕ್ಕೆ ಕೂತಿದ್ದರು. ಅಮ್ಮ ಕೊಬ್ಬರಿ ಹೆಚ್ಚುತ್ತಿದ್ದಳು. ಅಜ್ಜಿ ಬೆಲ್ಲ ಹೆಚ್ಚುತ್ತಿದ್ದಳು. ಯಮುನಾ ಮರದ ಅಚ್ಚಿನಿಂದ ಸಕ್ಕರೆಯ ಗಿಳಿಗಳನ್ನು ಬಿಡಿಸಿ ತಟ್ಟೆಗೆ ಜೋಡಿಸುತ್ತಿದ್ದಳು. ಹಿತ್ತಲಿನ ಕೊಟ್ಟಿಗೆಯಲ್ಲಿ ಗೌರಿ ಹಸು ಅಂಬಾ ಎಂದಿತು. ಅವರ ಮನೆಯಲ್ಲಿ ಈಗ ಉಳಿದಿದ್ದು ಅದೊಂದೇ.

"ಎ… ಎ… ತ್ತು…" ಎಂದ ಚಿಕ್ಕಪ್ಪ.

ಅಜ್ಜಿ ಈಳಿಗೆಮಣೆ ಬಿಟ್ಟು ಎದ್ದೇಬಿಟ್ಟಳು. "ಅಯ್ಯೋ, ಬೆಚ್ಚಿಬಿತ್ತು ನೋಡು! ಹಬ್ಬ ಹತ್ರ ಬಂತಲ್ಲ, ಅದಕ್ಕೆ ನೆನಪಾಗಿದೆ. ತಗೊಂಬಾರೇ ಉಪ್ಪು ಮೆಣಸಿನಕಾಯಿ!"

ಅಮ್ಮ ತಂದುಕೊಟ್ಟಳು. ಅಜ್ಜಿ ಮುಷ್ಟಿ ಬಿಗಿಹಿಡಿದು ಚಿಕ್ಕಪ್ಪನ ತಲೆಯಿಂದ ಕಾಲಿನವರೆಗೆ ಇಳಿ ತೆಗೆಯುತ್ತ, "ಬೆಚ್ಚಿದ್ದು ಹೋಗ್ಲಿ, ಬೆದರಿದ್ದು ಹೋಗ್ಲಿ, ಎತ್ತಿನ ಭಯ ಎತ್ತಿಗೇ ಹೋಗ್ಲಿ" ಎಂದು ಗೊಣಗಿದಳು. ಆ ಸಂಕ್ರಾಂತಿಯಿಂದ ಇಲ್ಲಿಯವರೆಗೆ, ಚಿಕ್ಕಪ್ಪ 'ಎತ್ತು' ಎಂದಾಗೆಲ್ಲ ಅಜ್ಜಿ ಹೀಗೇ ಮಾಡುತ್ತಿದ್ದಳು. ಅವನ ಮಣಿಕಟ್ಟಿನಲ್ಲಿ ಭಯಕ್ಕೆಂದು ಕಟ್ಟಿದ ಕಪ್ಪು ದಾರಗಳು ಒಂದರ ಮೇಲೊಂದು ಇದ್ದವು.

ಯಮುನಾ ಯಾವಾಗಲೂ ಅಜ್ಜಿಯ ಮುಷ್ಟಿಯನ್ನೇ ನೋಡುತ್ತಿದ್ದಳು. ಇವತ್ತು ಯಾಕೋ ಚಿಕ್ಕಪ್ಪನ ಮುಖ ನೋಡಿದಳು.

ಚಿಕ್ಕಪ್ಪನಿಗೆ ಭಯವಾದರೆ ಹೇಗಿರುತ್ತಾನೆ ಎಂದು ಅವಳಿಗೆ ಗೊತ್ತು. ಸಿಡಿಲು ಬಡಿದಾಗ ಅವನ ಕಾಲ್ಬೆರಳೆಲ್ಲ ಮುದುರಿಕೊಳ್ಳುತ್ತಿದ್ದವು. ಈಗ ಕಾಲ್ಬೆರಳು ಸುಮ್ಮನೇ ಇದ್ದವು. ಅವನು ಹಲ್ಲು ಕಚ್ಚಿಕೊಂಡಿದ್ದ. ಸೂರು ನೋಡುತ್ತಿದ್ದ. ಬಾಯಿಗೆ ಬಂದಿದ್ದ ಏನನ್ನೋ ಕಷ್ಟಪಟ್ಟು ನುಂಗಿದ. ಅಜ್ಜಿಯ ಕೈ ಇಳಿದ ಮೇಲೆ, "ಹೂಂ" ಎಂದ.

ಅಜ್ಜಿ ಅಡುಗೆಮನೆಯ ಒಲೆಗೆ ಹಾಕಿದ ಉಪ್ಪು ಚಟಪಟ ಸಿಡಿಯಿತು. ಯಮುನಾ ಕೈಯಲ್ಲಿದ್ದ ಗಿಳಿಯನ್ನು ತಟ್ಟೆಗೆ ಇಡುವುದನ್ನೂ ಮರೆತು ಕೂತಳು. ಆ 'ಹೂಂ' ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಮ್ಮನೂ ಅಡುಗೆಮನೆಗೆ ಹೋದ ಮೇಲೆ ಅವಳು ಚಿಕ್ಕಪ್ಪನ ಹತ್ತಿರ ಸರಿದಳು.

"ಚಿಕ್ಕಪ್ಪ, ಬಿಳಿಯ…" ಎಂದಳು.

ಮುಂದಿನದೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಬೆದರ್ತು, ಕಿತ್ಕೊಂಡು ಬಂತು, ತುಳೀತು. ಅವಳು ಹೇಳಲಿಲ್ಲ.

ಚಿಕ್ಕಪ್ಪ ಕತ್ತು ತಿರುಗಿಸಿ ಅವಳನ್ನು ನೋಡಿದ. ಶನಿವಾರದಿಂದ ಮೊದಲ ಸಲ. ತುಂಬ ಹೊತ್ತು ನೋಡಿದ.

ಶನಿವಾರ ಮಧ್ಯಾಹ್ನ ಬೀದಿಯಲ್ಲಿ ಟಕ್, ಟಕ್ ಕೇಳಿಸಿತು. ಯಮುನಾ ಓಡಿಹೋಗಿ ಬಾಗಿಲು ತೆಗೆದಳು. ಅವಳ ಕೈಯಲ್ಲಿ ಒಂದು ಸಕ್ಕರೆ ಗಿಳಿ ಇತ್ತು.

"ಇದ್ಯಾಕವ್ವಾ? ನನಗೇನು?" ಎಂದರು ವಿಮಲಾಕ್ಷಿ ಮೇಡಮ್.

"ಅಲ್ಲ ಮೇಡಮ್, ನನಗೆ. ಬಾಯಲ್ಲಿ ಇಟ್ಕೊಳ್ಳೋಕೆ. ಆಗ ಮಧ್ಯೆ ಮಾತಾಡೋಕಾಗಲ್ಲ."

ಮೇಡಮ್ ನಗಲಿಲ್ಲ. "ಚಲೋ ಐತಿ" ಎಂದಷ್ಟೇ ಹೇಳಿ ಟೇಪ್ ರೆಕಾರ್ಡರನ್ನು ಚಿಕ್ಕಪ್ಪನ ಹತ್ತಿರ ಇಟ್ಟರು. ಗುಂಡಿ ಒತ್ತಿದರು. ಯಮುನಾ ಗಿಳಿಯನ್ನು ಬಾಯಿಗೆ ಹಾಕಿಕೊಂಡಳು. ಅವನು ಒಂದು ಮಾತು ಪೂರ್ತಿ ಮುಗಿಸಿದ ಮೇಲೆ, ಕೇಳುವವರಿಗೆ ತಿಳಿಯಲೆಂದು ಅಷ್ಟನ್ನೇ ಮತ್ತೊಮ್ಮೆ ಹೇಳುವುದು, ಅದಕ್ಕಿಂತ ಒಂದು ಅಕ್ಷರವೂ ಜಾಸ್ತಿ ಹೇಳಬಾರದು ಎಂದು ತನಗೆ ತಾನೇ ಅಂದುಕೊಂಡಿದ್ದಳು.

ಟೇಪು ತಿರುಗಿತು. ಚಿಕ್ಕಪ್ಪನ ಕುತ್ತಿಗೆ ಉಬ್ಬಿತು. ಏನೂ ಬರಲಿಲ್ಲ. ಪಕ್ಕದ ಮನೆಯಲ್ಲಿ ಕುಕ್ಕರ್ ಕೂಗಿತು. ಕಾಗೆ ಕೂಗಿತು. ಬಾಗಿಲಲ್ಲಿ ನಿಂತಿದ್ದ ಅಜ್ಜಿ ತಡೆಯಲಾರದೆ, "ಸುಮ್ನೆ ಟೇಪು ಖರ್ಚಾಗ್ತಿದೆ, ಮಗಾ, ನೀನೇ ಹೇಳ್ಬಿಡೇ" ಎಂದಳು.

"ಟೇಪು ಓಡ್ಲಿ ಬಿಡ್ರಿ ಅಮ್ಮಾ" ಎಂದರು ಮೇಡಮ್. "ಖಾಲಿ ಓಡಿದ್ರ ಅದಕ್ಕೇನು ಕಾಲು ನೋಯಂಗಿಲ್ಲ."

ಚಿಕ್ಕಪ್ಪನ ತುಟಿ ಅರಳಿತು. ನಗುವಾಗಲೇ ಮಾತು ಬಂತು.

"ಬಿಳಿ… ಯ… ಬೆದ… ರ್ಲಿಲ್ಲ."

ಯಮುನಾಳ ಬಾಯಲ್ಲಿ ಗಿಳಿ ನಿಂತುಹೋಯಿತು. ಅದನ್ನು ದವಡೆಗೆ ಒತ್ತರಿಸಿ, "ಬಿಳಿಯ ಬೆದರ್ಲಿಲ್ಲ" ಎಂದಳು.

ಅಜ್ಜಿಯ ಮುಷ್ಟಿಯಲ್ಲಿ ಉಪ್ಪು ಆಗಲೇ ಇತ್ತು. ಇಳಿ ತೆಗೆಯಲು ಎತ್ತಿದ ಕೈ ಅಲ್ಲೇ ನಿಂತಿತು.

"ದಿ… ನಾ… ಉಪ್ಪು… ಕೊಡ್ತಿ… ದ್ದೆ."

"ದಿನಾ ಉಪ್ಪು ಕೊಡ್ತಿದ್ದೆ."

"ಕೈ… ನೆಕ್… ತಿತ್ತು."

ವಿಮಾನ ಬಂತು. ಮೇಡಮ್ ಈ ಸಲ ಗುಂಡಿ ಮುಟ್ಟಲಿಲ್ಲ. ಹೆಂಚು ನಡುಗಿ, ಕಿಟಕಿ ನಡುಗಿ, ಸದ್ದು ಹಲಸೂರಿನ ಕಡೆ ಕರಗಿಹೋಯಿತು. ಎಲ್ಲರೂ ಕಾದರು. ಚಿಕ್ಕಪ್ಪ ಮಾತನ್ನು ಕೈಬಿಟ್ಟಿರಲಿಲ್ಲ.

ಒಂದೊಂದೇ ಮಾತು, ಬಾವಿಯಿಂದ ನೀರು ಸೇದಿದ ಹಾಗೆ, ಮೇಲೆ ಬಂತು. ಆ ಸಂಕ್ರಾಂತಿಯ ದಿನವೂ ಅವನ ಕೈಯಲ್ಲಿ ಉಪ್ಪು ಇತ್ತು. ಬೀದಿಯ ತುಂಬ ಜನ. ಬಿಳಿಯ ತನ್ನ ಹಗ್ಗ ಬಿಡಿಸಿಕೊಂಡಿತು. ಅಷ್ಟು ಜನರಲ್ಲಿ ಯಾರ ಹತ್ತಿರವೂ ಹೋಗಲಿಲ್ಲ.

"ನನ್… ಹತ್ರ… ಬಂತು."

"ನನ್ ಹತ್ರ ಬಂತು."

"ನಾ… ನೇ… ಇಳಿ… ದೆ."

ಯಮುನಾಗೆ ಅರ್ಥವಾಗಲಿಲ್ಲ. ಜಗುಲಿಯಿಂದ ಇವನೇ ಇಳಿದನೇ? ಯಾರೂ ಎತ್ತಿಕೊಳ್ಳದೆ? ಕೇಳಬೇಕು ಅನ್ನಿಸಿತು. ಗಿಳಿಯನ್ನು ಕಚ್ಚಿಕೊಂಡು ತಡೆದಳು.

"ಕುತ್… ಗೆ… ಹಿಡ್ಕೊಂ… ಡು… ನಿಂ… ತೆ."

ಅಷ್ಟು ಹೇಳಿ ಅವನು ಉಸಿರು ತೆಗೆದುಕೊಂಡ. ಅವನ ಮುಖ ಬೆವರಿತ್ತು. ಮತ್ತೆ ಅದೇ ಮಾತನ್ನು ಹೇಳಿದ. ಈ ಸಲ ಅದು ಒಡೆಯದೆ ಬಂದಿತು.

"ನಿಂತಿದ್ದೆ."

ಯಮುನಾ ಗಿಳಿಯನ್ನು ಇನ್ನೊಂದು ದವಡೆಗೆ ಸರಿಸಿದಳು. "ನಿಂತಿದ್ದೆ" ಎಂದಳು.

ಆಮೇಲಿನದು ಬೇಗ ಮುಗಿಯಿತು. ಜನ ಕೂಗಿಕೊಂಡರು. ಕೋಲು ಹಿಡಿದು ಓಡಿಬಂದರು. ಬಿಳಿಯ ಆಚೆ ಸರಿಯಿತು. ಹಿಡಿದುಕೊಳ್ಳಲು ಏನೂ ಇಲ್ಲದೆ ಅವನು ಬಿದ್ದ.

"ತುಳಿ… ಲಿಲ್ಲ," ಎಂದ ಚಿಕ್ಕಪ್ಪ. "ಮಾರ್… ಬಿಟ್ರು."

ಯಮುನಾ ಎರಡನ್ನೂ ಹೇಳಿದಳು. ಎರಡನೆಯದನ್ನು ಹೇಳುವಾಗ ಅವಳ ದನಿ ಸಣ್ಣಗಾಯಿತು.

ಟೇಪು ಇನ್ನೂ ಓಡುತ್ತಿತ್ತು. ಹಾಲಿನ ಕ್ಯಾನು ಹಿಡಿದು ಹಿತ್ತಲಿಂದ ಬಂದಿದ್ದ ಯಮುನಾಳ ಅಪ್ಪ ಕೆಂಪರಾಜ್ ಯಾವಾಗ ಬಂದು ನಿಂತಿದ್ದನೋ ಯಾರಿಗೂ ಗೊತ್ತಿರಲಿಲ್ಲ.

"ತುಳೀಲೇ ಇಲ್ವೇನೋ ಮುನಿ?"

"ಇ… ಲ್ಲ."

"ಅವತ್ತು ಬೀದೀಲಿ ಹಗ್ಗ ನನ್ ಕೈಲಿತ್ತು" ಎಂದ ಅಪ್ಪ. ಇದು ಯಾರಿಗೆ ಹೇಳಿದ್ದು ಎಂದು ತಿಳಿಯಲಿಲ್ಲ. "ಹೊಸಕೋಟೆ ಸಂತೆಗೆ ನಾನೇ ಹೊಡ್ಕೊಂಡ್ ಹೋಗಿದ್ದು. ದಾರೀಲಿ ಎಲ್ಲೂ ಒಂದ್ಸಲನೂ ಕೊಸರಾಡ್ಲಿಲ್ಲ ಅದು."

ಅಜ್ಜಿ ತನ್ನ ಮುಷ್ಟಿ ಬಿಚ್ಚಿ ಉಪ್ಪನ್ನು ನೋಡಿದಳು. ಅಡುಗೆಮನೆಗೆ ಹೋಗಿ ಜಾಡಿಗೆ ವಾಪಸ್ಸು ಹಾಕಿದಳು.

"ಮುನಿರಾಜ್ ಅವರೇ," ಎಂದರು ಮೇಡಮ್, "ಹಿಂಗೇ ಇರ್ಲೇನ್ರಿ?"

"ಇರ್ಲಿ" ಎಂದ ಚಿಕ್ಕಪ್ಪ.

ಸಂಕ್ರಾಂತಿಯ ಸಂಜೆ ಅಪ್ಪ ಸ್ನಾನ ಮಾಡಿ ಬಂದವನೇ ಚಿಕ್ಕಪ್ಪನನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಹೊರಗೆ ನಡೆದ. ಹಿಂದೆಯೇ ಅಮ್ಮ ಕುರ್ಚಿ ತಂದಳು. ಹಳೇ ಜಗುಲಿಯ ಅರ್ಧವನ್ನು ಚರಂಡಿಗೆಂದು ಒಡೆದುಹಾಕಿದ್ದರು. ಉಳಿದರ್ಧದಲ್ಲಿ ಕುರ್ಚಿ ಹೇಗೋ ಹಿಡಿಯಿತು. ಅಜ್ಜಿ ಶಾಲು ಹೊದಿಸಿ, "ಇವನಿಗೆ ಚಳಿ ಆಗತ್ತೆ ಕಣೋ" ಎಂದಳು. ಆಮೇಲೆ ಮಗನ ಕಡೆ ತಿರುಗಿ, "ಆಗತ್ತಾ?" ಎಂದು ಕೇಳಿದಳು.

ಚಿಕ್ಕಪ್ಪ ಬೀದಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಅದು ಅವನ ಕಿಟಕಿಗಿಂತ ತುಂಬ ಉದ್ದವಾಗಿತ್ತು.

ಹಬ್ಬ ಮಾತ್ರ ಚಿಕ್ಕದಾಗಿತ್ತು. ಊರಿನಲ್ಲಿ ಉಳಿದಿದ್ದ ನಾಲ್ಕಾರು ಹಸುಗಳು, ಕೊಂಬಿಗೆ ಬಣ್ಣ, ಬಲೂನು. ಬೀದಿಗೆ ಅಡ್ಡಲಾಗಿ ಹುಲ್ಲು ಹರಡಿ ಬೆಂಕಿ ಕೊಟ್ಟರು. ಆಚೆ ಎರಡು ಆಟೋ, ಒಂದು ಮಾರುತಿ ಕಾರು ನಿಂತು ಹಾರನ್ ಹೊಡೆದವು. "ಒಂದ್ನಿಮಿಷ ಇರಿ ಸಾರ್, ಸುಟ್ಟೋಗ್ತೀರಾ!" ಎಂದು ಯಾರೋ ಕೂಗಿದರು. ಹಸುಗಳು ಜನರ ಗಲಾಟೆಗೆ ಬೆಂಕಿ ದಾಟಿದವು. ಗೌರಿಯೂ ದಾಟಿತು. ಅಷ್ಟೇ. ಹುಲ್ಲು ಬೂದಿಯಾಯಿತು, ಆಟೋಗಳು ಅದರ ಮೇಲೆಯೇ ಹೋದವು, ಜನ ಟಿ.ವಿ. ನೋಡಲು ಒಳಗೆ ಹೋದರು.

ಕೊಟ್ಟಿಗೆಗೆ ಹೊಡೆದುಕೊಂಡು ಹೋಗುವಾಗ ಅಪ್ಪ ಗೌರಿಯನ್ನು ಜಗುಲಿಯ ಬಳಿ ನಿಲ್ಲಿಸಿದ. ಆಗ ಯಮುನಾ ನೋಡಿದಳು, ಚಿಕ್ಕಪ್ಪನ ಸೆಟೆದ ಬೆರಳುಗಳ ನಡುವೆ ಒಂದಿಷ್ಟು ಉಪ್ಪಿತ್ತು. ಯಾರನ್ನು ಕೇಳಿ ಇಸಿದುಕೊಂಡಿದ್ದನೋ! ಗೌರಿ ಮೂಸಿತು. ಮುಖ ತಿರುಗಿಸಿ ಅಪ್ಪನ ಕೈಯಲ್ಲಿದ್ದ ಬಾಳೆಹಣ್ಣಿಗೆ ಬಾಯಿ ಹಾಕಿತು.

ಚಿಕ್ಕಪ್ಪ ಜೋರಾಗಿ ನಕ್ಕುಬಿಟ್ಟ. ಆಮೇಲೆ ಉಪ್ಪನ್ನು ಬೀಳಿಸದೆ ಹಾಗೇ ಹಿಡಿದುಕೊಂಡು ಕೂತ.

ಯಮುನಾ ಅವನ ಕಾಲಬಳಿ ಕೂತಿದ್ದಳು. ತೊಡೆಯ ಮೇಲೆ ಎಳ್ಳಿನ ತಟ್ಟೆ ಇತ್ತು. ಹೋದ ವರ್ಷ ಲಂಗ ಹಾಕಿಕೊಂಡು ಮೊದಲು ಫಹ್ಮಿದಾ ಮನೆಗೇ ಓಡಿದ್ದಳು. ಈ ವರ್ಷ ಎಳ್ಳು ಕೊಡಲು ಯಾರ ಮನೆಗೆ ಹೋಗುವುದೆಂದು ತೋಚದೆ ತಟ್ಟೆ ಹಾಗೇ ಇತ್ತು.

"ಯ… ಮು…" ಎಂದ ಚಿಕ್ಕಪ್ಪ.

"ಏನ್ ಚಿಕ್ಕಪ್ಪ?"

"ನೀ… ನು…"

ನೀನು ಒಳಗೆ ಹೋಗು, ಚಳಿ. ಅಷ್ಟೇ ಇರಬೇಕು. ಅವಳ ಬಾಯಿಗೆ ಬಂದೇಬಿಟ್ಟಿತ್ತು. ತಟ್ಟೆಯ ಅಂಚು ಗಟ್ಟಿಯಾಗಿ ಹಿಡಿದು ಸುಮ್ಮನಿದ್ದಳು.

"ಸ್ಕೂ… ಲಲ್ಲಿ… ಯಾರ್… ಜೊತೆ… ಊ… ಟ… ಮಾಡ್ತಿ… ಯ?"

ಯಮುನಾ ತಲೆಯೆತ್ತಿದಳು. ಅಡುಗೆಮನೆಯ ಮಾತೆಲ್ಲ ಅವನ ಕೋಣೆಗೆ ಕೇಳಿಸುತ್ತದೆ. ದಿನವೂ ಅವನು ಆ 'ಹೂಂ' ಕೇಳಿಸಿಕೊಳ್ಳುತ್ತಿದ್ದ.

"ಫ…" ಎಂದಳು ಅವಳು. ಮುಂದಕ್ಕೆ ಹೋಗಲಿಲ್ಲ. ಮತ್ತೆ ಬಾಯಿ ತೆರೆದಳು. ಮಾತು ಒಳಗೇ ಎಲ್ಲೋ ಸಿಕ್ಕಿಕೊಂಡಿತು.

ಬೀದಿಯಲ್ಲಿ ಹುಲ್ಲಿನ ಕೊನೆಯ ಕಿಡಿಗಳು ಕೆಂಪಗೆ ಇದ್ದವು. ದೂರದಲ್ಲಿ ವಿಮಾನದ ಸದ್ದು ಹುಟ್ಟಿತು, ಹತ್ತಿರವಾಯಿತು, ಮನೆಯನ್ನೆಲ್ಲ ನಡುಗಿಸಿ ದಾಟಿಹೋಯಿತು.

ಚಿಕ್ಕಪ್ಪ ಮುಖವನ್ನು ಅವಳ ಕಡೆಗೇ ಇಟ್ಟುಕೊಂಡು ಕಾಯುತ್ತ ಕೂತ.